ಡಿಕಂಪೈಲ್ ಮಾಡುವುದು ಗುಂಡಿ ಒತ್ತುವ ಕೆಲಸವಲ್ಲ

ಹಳೆಯ ವಿಡಿಯೊ ಆಟಗಳನ್ನು ಡಿಕಂಪೈಲ್ ಮಾಡುವುದರ, ಅಂದರೆ ಯಂತ್ರಸಂಕೇತದಿಂದ ಮನುಷ್ಯರು ಓದಬಲ್ಲ ಸೋರ್ಸ್ ಕೋಡನ್ನು ಮರಳಿ ಪಡೆಯುವುದರ ಕುರಿತ ಲೇಖನವೊಂದರಲ್ಲಿ, ಆಟದ ಯಂತ್ರಸಂಕೇತವನ್ನು ಒಂದು ತಂತ್ರಾಂಶಕ್ಕೆ ಉಣಿಸಿದರೆ ಸೋರ್ಸ್ ಕೋಡ್ ತಾನಾಗಿ ಹೊರಬರುತ್ತದೆ ಎಂಬ ಅರ್ಥ ಬರುವಂತೆ ಲೇಖಕರು ಬರೆದಿದ್ದಾರೆ; ಇಂಥ ಯೋಜನೆಗಳು ಆಟದ ನಕಲು ಹಂಚುತ್ತವೆ ಎಂದೂ ಆರೋಪಿಸಿದ್ದಾರೆ. ಅಂಥ ಯೋಜನೆಯೊಂದರಲ್ಲಿ ಅಳಿಲುಸೇವೆ ಮಾಡಿದವನಾಗಿ ಇದನ್ನು ಒಪ್ಪಲಾರೆ. 1998ರಲ್ಲಿ ನಿಂಟೆಂಡೊ 64 ಎಂಬ ಆಟದ ಯಂತ್ರಕ್ಕೆ ಬಂದ ಜೆಲ್ಡಾ ಸರಣಿಯ ‘ಆಕರೀನಾ ಆಫ್ ಟೈಮ್’ ಆಟದ ಕೋಡನ್ನು ಸಿ ಭಾಷೆಯಲ್ಲಿ ಮರಳಿ ಬರೆಯುವ ಕೆಲಸವನ್ನು ಸ್ವಯಂಸೇವಕರು 2021ರ ನವೆಂಬರಿನಲ್ಲಿ ಪೂರ್ಣಗೊಳಿಸಿದರು. ಅಲ್ಲಿನ ಷರತ್ತು ಕಠಿಣವಾದುದು: ನಾವು ಬರೆದ ಸಿ ಕೋಡನ್ನು ಆ ಕಾಲದ ಸಿಲಿಕಾನ್ ಗ್ರಾಫಿಕ್ಸ್ ಕಂಪೈಲರಿನಲ್ಲೇ (ಸೋರ್ಸ್ ಕೋಡನ್ನು ಯಂತ್ರಸಂಕೇತವಾಗಿಸುವ ತಂತ್ರಾಂಶ) ಹಾಯಿಸಿದಾಗ, ಮೂಲ ಆಟದ ಪ್ರತಿಯಲ್ಲಿದ್ದ ಬೈಟುಗಳೇ ಒಂದೂ ವ್ಯತ್ಯಾಸವಾಗದೆ ಹೊರಬರಬೇಕು.

ಅಸೆಂಬ್ಲಿಯನ್ನು (ಯಂತ್ರಸಂಕೇತದ ಓದಬಹುದಾದ ರೂಪ) ಸಿ ಕೋಡಾಗಿಸುವ ಎಂ2ಸಿಯಂಥ ಉಪಕರಣ ಮೊದಲ ಕರಡನ್ನು ಕೊಡುತ್ತದೆ, ನಿಜ. ಆದರೆ ಹೆಣಗಾಟ ಶುರುವಾಗುವುದೇ ಆಮೇಲೆ. ನನ್ನ ಪಾಲಿಗೆ ಬಂದ ಚಿಕ್ಕ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಒಂದರಲ್ಲಿ ಟಿ6 ರಿಜಿಸ್ಟರ್ (ಪ್ರೊಸೆಸರಿನೊಳಗಿನ ಪುಟ್ಟ ಶೇಖರಣಾ ಜಾಗ) ಬರಬೇಕಾದ ಕಡೆ ಟಿ7 ಬರುತ್ತಿತ್ತು. ತರ್ಕದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ವೇರಿಯಬಲ್‌ಗಳ ಕ್ರಮ ಬದಲಿಸಿ, ತಾತ್ಕಾಲಿಕ ವೇರಿಯಬಲ್ ಒಂದನ್ನು ಸೇರಿಸಿ, ಮತ್ತೆ ತೆಗೆದು, ಎರಡು ಸಂಜೆ ಕಳೆದ ಮೇಲೆ, ಎರಡು ಸಾಲಿನಲ್ಲಿದ್ದ ಹೇಳಿಕೆಗಳನ್ನು ಒಂದೇ ಸಾಲಿಗೆ ತಂದಾಗ ಎಲ್ಲವೂ ಹೊಂದಿಕೊಂಡಿತು. ಆ ಕಂಪೈಲರಿಗೆ ಸಾಲು ಎಲ್ಲಿ ಮುರಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದರೆ ನನ್ನ ಸಹೋದ್ಯೋಗಿಗಳು ಈಗಲೂ ನಂಬುವುದಿಲ್ಲ.

ನಕಲು ಹಂಚಿಕೆಯ ಆರೋಪದ ಬಗ್ಗೆ ಇಷ್ಟೇ ಹೇಳಬಹುದು: ಆ ಯೋಜನೆಯ ಕೋಡ್ ಭಂಡಾರದಲ್ಲಿ ಆಟದ ಚಿತ್ರಗಳಾಗಲಿ ಸಂಗೀತವಾಗಲಿ ಇರುವುದಿಲ್ಲ, ಅವನ್ನು ಬಳಕೆದಾರರು ತಮ್ಮಲ್ಲಿರುವ ಪ್ರತಿಯಿಂದಲೇ ತೆಗೆದುಕೊಳ್ಳಬೇಕು. ಕೈಜೋಡಿಸಬೇಕೆಂದಿರುವವರು ಅಸೆಂಬ್ಲಿಗೆ ಹೆದರಬೇಕಿಲ್ಲ. ಬೈಟುಗಳು ಹೊಂದಿದ ನಂತರವೂ ಹೆಸರಿಲ್ಲದ ಸಾವಿರಾರು ಫಂಕ್ಷನ್‌ಗಳಿಗೆ ಅರ್ಥವುಳ್ಳ ಹೆಸರು ಕೊಡುವ ಕೆಲಸ ವರ್ಷಗಟ್ಟಲೆ ಉಳಿದಿರುತ್ತದೆ.