ಹವಳದ ಬಾಯಿ ನೋಡಿ ಊಟ ಹಾಕಿ

ಉಪ್ಪುನೀರಿನ ಟ್ಯಾಂಕ್ ಶುರು ಮಾಡಿದ ಹೊಸಬರು ನನ್ನ ಹತ್ತಿರ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಹವಳಕ್ಕೆ ಪ್ಲಾಂಕ್ಟನ್ ಬಾಟಲಿ ದಿನಕ್ಕೆ ಎಷ್ಟು ಮುಚ್ಚಳ ಹಾಕಬೇಕು?" ಪ್ಲಾಂಕ್ಟನ್ ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು. ಈ ವಾರ ಮತ್ತೆ ಇಬ್ಬರು ಕೇಳಿದರು. ಇನ್‌ಬಾಕ್ಸ್‌ನಲ್ಲಿ ಎರಡು ಸಾಲು ಬರೆದರೆ ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿರುವುದು 120 ಲೀಟರಿನ ಟ್ಯಾಂಕ್. ಅದರಲ್ಲಿ ಪಾಲಿಥೋವಾ, ಜೊವಾಂಥಸ್, ಅಣಬೆಯ ಹಾಗೆ ಹರಡುವ ರೋಡಾಕ್ಟಿಸ್, ಒಂದು ಲೆದರ್ ಹವಳ ಇವೆ. ಎಲ್ಲ ಮೆತ್ತನೆಯವು. ಗಟ್ಟಿ ಹವಳ ಒಂದೂ ಇಲ್ಲ, ತರುವುದೂ ಇಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಯಾರಾದರೂ ಕದ್ದುಮುಚ್ಚಿ ಮಾರುತ್ತೇನೆ ಅಂದರೆ ದಯವಿಟ್ಟು ತಗೋಬೇಡಿ.

ಈಗ ಬಾಟಲಿ ವಿಷಯ. ಮೊದಲ ವರ್ಷ ನಾನೂ ಸುರಿದವಳೇ. ಟ್ಯಾಂಕ್ ಕೊಟ್ಟ ಅಂಗಡಿಯವರು ಹಸಿರು ಬಾಟಲಿಯೊಂದನ್ನು ಕೊಟ್ಟು, ದಿನಾ ಎರಡು ಮುಚ್ಚಳ ಹಾಕಿ ಅಂದಿದ್ದರು. ಹಾಕಿದೆ. ಹವಳ ಅರಳದೇ ಇದ್ದಾಗ ಹಸಿವೇನೋ ಅಂದುಕೊಂಡು ಮೂರು ಮುಚ್ಚಳ ಹಾಕಿದೆ. ಎರಡು ತಿಂಗಳಲ್ಲಿ ಕಲ್ಲಿನ ಮೇಲೆ ಕೂದಲಿನಂಥ ಪಾಚಿ ಬಂತು. ಮರಳಿನ ಮೇಲೆ ಕೆಂಪಗೆ ಲೋಳೆ ಹಾಸಿಕೊಂಡಿತು. ಕೊಳೆತ ಆಹಾರದಿಂದ ನೀರಿಗೆ ಸೇರುವ ನೈಟ್ರೇಟ್ ನೋಡಿದರೆ 50 ಪಿಪಿಎಂ (ಲೀಟರಿಗೆ ಸುಮಾರು 50 ಮಿಲಿಗ್ರಾಂ) ದಾಟಿತ್ತು. ಜೊವಾಂಥಸ್ ಒಂದು ಗೊಂಚಲು ಪೂರ್ತಿ ಮುಚ್ಚಿಕೊಂಡು, ಹದಿನೈದು ದಿನದಲ್ಲಿ ಕರಗಿಹೋಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಗ ಊರಿಂದ ಅಮ್ಮ ಬಂದಿದ್ದಳು. ನಮ್ಮದು ಶಿಡ್ಲಘಟ್ಟದ ಕಡೆ. ಅಮ್ಮ ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳ ಮೇಯಿಸಿದವಳು. ಟ್ಯಾಂಕ್ ಮುಂದೆ ಸ್ವಲ್ಪ ಹೊತ್ತು ಕೂತು ಕೇಳಿದಳು, "ಇದರ ಬಾಯಿ ಎಲ್ಲಿದೆಯೇ?" ತೋರಿಸಿದೆ. "ಇಷ್ಟು ಬಾಯಿಗೆ ಅಷ್ಟು ಸುರೀತೀಯಾ? ಸೊಪ್ಪು ಜಾಸ್ತಿ ಆದರೆ ಹುಳ ಸಾಯೋದು ತಿಂದಲ್ಲ ಕಣೇ. ತಿನ್ನದೆ ಬಿಟ್ಟಿದ್ದು ಕೆಳಗೆ ಕೊಳೆಯುತ್ತಲ್ಲ, ಅದಕ್ಕೆ."

ಚಾಕಿ ಹುಳ, ಅಂದರೆ ಎಳೇ ರೇಷ್ಮೆ ಹುಳ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೊಟ್ಟೆ ಒಡೆದು ಬಂದ ಮರಿಗೆ ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತಾರೆ. ಹುಳ ಬೆಳೆದ ಹಾಗೆ ಹೆಚ್ಚುವ ಅಳತೆ ದೊಡ್ಡದಾಗುತ್ತದೆ. ಜ್ವರಕ್ಕೆ, ಅಂದರೆ ಪೊರೆ ಬಿಡಲು ಕೂತಾಗ ಸೊಪ್ಪೇ ಇಲ್ಲ. ಹವಳಕ್ಕೂ ಹೀಗೇ ನೋಡಿ ಹಾಕಬೇಕು ಅಂತ ನನಗೆ ಹೊಳೆದಿರಲಿಲ್ಲ.

ಅಳತೆ ಎಷ್ಟು ಮುಖ್ಯ ಅಂತ ಹೇಳುತ್ತೇನೆ. ಹಸಿರು ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ನ್ಯಾನೋಕ್ಲೋರಾಪ್ಸಿಸ್ ಅನ್ನುವ ಪಾಚಿ ಕಣ. ಗಾತ್ರ 2ರಿಂದ 4 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಪಾಲು. ಪಾಲಿಥೋವಾದಂಥ ಹವಳದ ಕೈಗೆ ಅದು ಸಿಗುವುದೇ ಕಷ್ಟ. ಹವಳ ಹಿಡಿಯುವುದು ಈಜಾಡುವ ಪ್ರಾಣಿ ಪ್ಲಾಂಕ್ಟನ್ನು. ಆರ್ಟೀಮಿಯಾ ಅಂದರೆ ಸೀಗಡಿಯ ಹಾಗಿರುವ ಪುಟ್ಟ ಉಪ್ಪುನೀರಿನ ಜೀವಿ. ಈಗ ತಾನೇ ಮೊಟ್ಟೆಯೊಡೆದ ಅದರ ಮರಿ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಇರುತ್ತದೆ. ಅದು ಸರಿಯಾದ ತುತ್ತು. ಹಾಗಂತ ಹಸಿರು ಬಾಟಲಿ ದಂಡ ಅನ್ನುವುದಿಲ್ಲ. ಟ್ಯಾಂಕಿನಲ್ಲಿರುವ ಕೋಪಿಪಾಡ್ ಅನ್ನುವ ಸೀಗಡಿ ಬಳಗದ ಸಣ್ಣ ಜೀವಿಗಳು, ಸ್ಪಂಜು, ಕೊಳವೆ ಹುಳಗಳು ಅದನ್ನು ತಿನ್ನುತ್ತವೆ. ಆ ಕೋಪಿಪಾಡ್ ಮರಿಗಳು ಹವಳದ ಬಾಯಿಗೂ ಹೋಗುತ್ತವೆ. ಅದಕ್ಕೆ ವಾರಕ್ಕೊಮ್ಮೆ ಕೆಲವು ಹನಿ ಹಾಕಿದರೆ ನನ್ನ ಟ್ಯಾಂಕಿಗೆ ಧಾರಾಳ.

ಇನ್ನೊಂದು ಮಾತು. ಹವಳ ಉಪವಾಸ ಇದೆ ಅಂತ ಹೆದರಬೇಡಿ. ಅದರ ಮೈಯೊಳಗೇ ಪಾಚಿ ಕಣಗಳು ವಾಸವಾಗಿವೆ. ಬೆಳಕು ಬಿದ್ದರೆ ಅವು ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತವೆ. ತಿಳಿ ನೀರಿನಲ್ಲಿ, ಒಳ್ಳೆಯ ಬೆಳಕಿನಲ್ಲಿ ಇರುವ ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಹೀಗೇ ಸಿಗುತ್ತದೆ. ಆದರೆ ಅದು ಸಾರಿಲ್ಲದ ಬರೀ ಮುದ್ದೆ. ಮೈ ಬೆಳೆಯುವುದಕ್ಕೆ ಸಾರಜನಕ, ರಂಜಕ ಬೇಕು. ಅದು ಪ್ಲಾಂಕ್ಟನ್‌ನಿಂದಲೂ ಬರುತ್ತದೆ. ಹಾಗಾಗಿ ಊಟ ಹಾಕಲೇಬೇಡಿ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನನ್ನ ಪಾಲಿಥೋವಾ ವಾರಕ್ಕೆರಡು ಸಲ ತಿನ್ನಲು ಶುರುಮಾಡಿದ ಮೇಲೆ ಹೊಸ ಮೊಗ್ಗು ಬಿಡುವುದು ಜಾಸ್ತಿಯಾಯಿತು. ಕಣ್ಣಾರೆ ನೋಡಿದ್ದೇನೆ. ಲೆದರ್ ಹವಳ ಮಾತ್ರ ಏನು ಹಾಕಿದರೂ ಕೇರ್ ಮಾಡುವುದಿಲ್ಲ. ಅದಕ್ಕೆ ಬೆಳಕು, ನೀರಿನ ಓಟ ಸಾಕು. ಅದರ ಪಾಡಿಗೆ ಬಿಟ್ಟಿದ್ದೇನೆ.

ಹಾಕುವ ಹೊತ್ತು ರಾತ್ರಿ. ಸಮುದ್ರದಲ್ಲೂ ಕತ್ತಲಾದ ಮೇಲೆಯೇ ಬಹಳಷ್ಟು ಪ್ರಾಣಿ ಪ್ಲಾಂಕ್ಟನ್ ಆಳದಿಂದ ಮೇಲಕ್ಕೆ ಬರುತ್ತದೆ. ಲೈಟ್ ಆರಿ ಒಂದು ಗಂಟೆಯಾದ ಮೇಲೆ ಪಂಪು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಎರಡನ್ನೂ ನಿಲ್ಲಿಸುತ್ತೇನೆ. ಫೋನಿನಲ್ಲಿ 20 ನಿಮಿಷಕ್ಕೆ ಅಲಾರಂ ಇಡುತ್ತೇನೆ. ಪಂಪನ್ನು ಮತ್ತೆ ಆನ್ ಮಾಡಲು ಮರೆತರೆ ಬೆಳಗಾಗುವಷ್ಟರಲ್ಲಿ ಮೀನು ಇರುವುದಿಲ್ಲ. ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ಸುತ್ತಿಕೊಂಡು, ಸೂಜಿ ತೆಗೆದ ಸಿರಿಂಜಿನಿಂದ ಪಾಲಿಥೋವಾ ಮೇಲೆ ಮೆಲ್ಲಗೆ ಆರ್ಟೀಮಿಯಾ ಮರಿಗಳಿರುವ ಒಂದು ಹನಿ ಬಿಡುತ್ತೇನೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಕಿತ್ತಳೆ ಬಣ್ಣದ ಒಂದು ಚುಕ್ಕಿ ಹವಳದ ಗಿಡ್ಡ ಬೆರಳೊಂದಕ್ಕೆ ತಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಆ ಬೆರಳು ಒಳಕ್ಕೆ ಬಾಗುತ್ತದೆ. ಪಕ್ಕದವೂ ಬಾಗುತ್ತವೆ. ನೋಡನೋಡುತ್ತಾ ಇಡೀ ತಟ್ಟೆ ಅಜ್ಜಿಯ ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡಿತಾ, ಅದರ ಊಟ ಮುಗಿಯಿತು. ಇನ್ನೊಂದು ಹನಿ ಕೂಡ ಬೇಡ. ನನ್ನ ಮಟ್ಟಿಗೆ ಅಳತೆ ಅಂದರೆ ಇದು, ಮುಚ್ಚಳ ಅಲ್ಲ.

ಜಾಸ್ತಿ ಹಾಕಿದರೆ ಕೊನೆಗೆ ಬೆಲೆ ಕೊಡುವುದು ನೀರು. ಪಿನಾಕಿನಿ, ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲೇ, ಆದರೂ ವರ್ಷವಿಡೀ ಹರಿಯುವ ಹೊಳೆ ಜಿಲ್ಲೆಯಲ್ಲಿ ಇಲ್ಲ. ಸಾವಿರ ಅಡಿ ಕೊರೆದರೂ ಧೂಳು ಬರುವ ಊರುಗಳು ಎಷ್ಟಿವೆ ಅಂತ ನಿಮಗೂ ಗೊತ್ತು. ಬೋರ್ ನೀರನ್ನು ನೇರ ಟ್ಯಾಂಕಿಗೆ ಹಾಕುವ ಹಾಗಿಲ್ಲ, ಆರ್‌ಓ ಮಾಡಿ ಉಪ್ಪು ಬೆರೆಸಬೇಕು. ನಮ್ಮ ಮೆಷಿನ್ನು ಒಂದು ಲೀಟರ್ ಒಳ್ಳೆಯ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ಕೆಟ್ಟ ವರ್ಷದಲ್ಲಿ ನಾನು ವಾರಕ್ಕೆ 40 ಲೀಟರ್ ಬದಲಾಯಿಸುತ್ತಿದ್ದೆ. ಈಗ ಹದಿನೈದು ದಿನಕ್ಕೆ 12 ಲೀಟರ್, ನೈಟ್ರೇಟ್ 10ರ ಒಳಗೇ ಇದೆ. ಹೊರಗೆ ಬಿಟ್ಟ ನೀರನ್ನು ಬಕೆಟ್‌ನಲ್ಲಿ ಹಿಡಿದು ಪಾತ್ರೆ, ಬಟ್ಟೆಗೆ ಬಳಸುತ್ತೇನೆ. ಈ ಸೀಮೆಯಲ್ಲಿ ಕಡಲನ್ನು ಮನೆಯೊಳಗೆ ಇಟ್ಟುಕೊಂಡವರು ಅಷ್ಟಾದರೂ ಮಾಡಬೇಕು ಅಲ್ವಾ?

ಕರೆಂಟ್ ಕೈಕೊಡುವ ದಿನ ಊಟ ಹಾಕಲೇಬೇಡಿ. ಉಳಿದ ಆಹಾರ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಪಂಪ್ ನಿಂತಿದ್ದರೆ ಅಷ್ಟೇ ಕಥೆ. ಪಾಲಿಥೋವಾ ಮುಟ್ಟುವಾಗ ಗ್ಲೌಸ್ ಇರಲಿ, ಅದರ ವಿಷ ನಿಜವಾಗಲೂ ಅಪಾಯ. ಅದು ಬೆಳೆದ ಕಲ್ಲಿಗೆ ಬಿಸಿನೀರು ಸುರಿಯುವುದು, ಕುದಿಸುವುದು ಯಾವ ಕಾರಣಕ್ಕೂ ಬೇಡ.

ಆರ್ಟೀಮಿಯಾ ಮರಿ ಮಾಡುವುದು ಸುಲಭ. ಲೀಟರ್ ನೀರಿಗೆ 25 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಮೊಟ್ಟೆ, ತಳದಿಂದ ಸದಾ ಗಾಳಿ. 28 ಡಿಗ್ರಿ ಇದ್ದರೆ ಒಂದು ದಿನದಲ್ಲಿ ಮರಿ ರೆಡಿ. ಧನುರ್ಮಾಸದ ಚಳಿಯಲ್ಲಿ ನಮ್ಮೂರಲ್ಲಿ ಎರಡು ದಿನ ಬೇಕಾಯಿತು. ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ, ಮರಿಗಳು ಕೆಳಗೆ ಉಳಿಯುತ್ತವೆ. ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ, ತೊಳೆದು, ಆವತ್ತೇ ಹಾಕಿಬಿಡಿ. ಇಟ್ಟಷ್ಟೂ ಅವುಗಳ ಹೊಟ್ಟೆಯ ಸತ್ವ ಕರಗುತ್ತಾ ಹೋಗುತ್ತದೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಸುತ್ತಮುತ್ತ ಟ್ಯಾಂಕ್ ಇಟ್ಟವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಭಾನುವಾರ ಸಂಜೆ ಮನೆಯಲ್ಲೇ ಇರುತ್ತೇನೆ. ಎರಡು ಲೀಟರಿನ ಖಾಲಿ ಬಾಟಲಿ ತನ್ನಿ, ಮೊಟ್ಟೆ ನಾನು ಕೊಡುತ್ತೇನೆ. ಎಂಟೂವರೆಗೆ ಲೈಟ್ ಆರುತ್ತದೆ, ಊಟ ಹಾಕುವುದು ಒಂಬತ್ತೂವರೆಗೆ. ಅಲ್ಲಿಯವರೆಗೂ ಇದ್ದು ನೋಡಿಕೊಂಡು ಹೋಗಿ.