ಆಮೇಲೆ ಎಂಥ ಆಯ್ತು ಮಾವ?

ಮಳೆಗಾಲದ ರಜೆಯಲ್ಲಿ ಅಕ್ಕನ ಮಕ್ಕಳಿಬ್ಬರಿಗೂ ಬೇಜಾರಾಗಬಾರದು ಅಂತ ಶಿವಮೊಗ್ಗದಿಂದ ಒಂದು ಕಥೆ ಪುಸ್ತಕ ಒಯ್ದಿದ್ದೆ. ಕರಾಟೆ ಕಲಿತ ಅಕ್ಕ-ತಂಗಿ ಗೂಢಚಾರರ ಸಾಹಸ. ಜೋರಾಗಿಯೇ ಓದಿದೆ. ಒದೆಯುವ ಸೀನಿನಲ್ಲಿ ಕಾಲು ಬೀಸಿ ಜಗುಲಿಯ ಕವಳದ ತಟ್ಟೆ ಬೀಳಿಸಿದೆ. ಅಕ್ಕ ಬೈದಳು. ಮಕ್ಕಳು ನಗಲೂ ಇಲ್ಲ.

ನಾಯಕಿಯರು ಉಕ್ಕುವ ಹೊಳೆಯನ್ನು ಮರದ ದಿಮ್ಮಿಯ ಮೇಲೆ ದಾಟುವ ಜಾಗ ಬಂತು. ಉಸಿರು ಬಿಗಿಹಿಡಿದು ನಿಲ್ಲಿಸಿದೆ. ಆರನೇ ಕ್ಲಾಸಿನ ದೊಡ್ಡವಳು ಆಕಳಿಸಿದಳು.

"ಆಮೇಲೆ ಎಂಥ ಆಯ್ತು ಮಾವ?"

"ದಾಟಿದರು."

"ಅಷ್ಟೇನಾ? ಅವರಿಗೆ ಬ್ಯಾಗ್ ಇರ್ಲಿಲ್ವಾ? ಕೊಡೆ?"

ತಪ್ಪು ನನ್ನದೇ. ಇದು ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಆಗುಂಬೆ ಸೀಮೆ. ಇವರ ಶಾಲೆ ದಾರಿಯಲ್ಲಿ 20 ಅಡಿ ಹಳ್ಳ. ಅದಕ್ಕೊಂದು ಸಂಕ: ಎರಡು ಅಡಿಕೆ ಮರ, ಒಂದು ಕಡೆ ಹಿಡಿಯಲು ಬಿದಿರು, ಇನ್ನೊಂದು ಕಡೆ ದೇವರು. ಚಿಕ್ಕವಳು ಚಪ್ಪಲಿ ಬಿಚ್ಚಿ ಕೈಗೆ ಸಿಕ್ಕಿಸಿಕೊಂಡು, ಹೆಬ್ಬೆರಳಲ್ಲಿ ಪಾಚಿ ಒತ್ತಿ ನೋಡಿ ಹೆಜ್ಜೆ ಇಡುತ್ತಾಳೆ. ಆಚೆ ದಡದಲ್ಲಿ ಉಪ್ಪಿನ ಗಂಟು ತೆಗೆದು ಕಾಲಿಗೆ ಕಚ್ಚಿದ ಉಂಬಳಕ್ಕೆ, ಅಂದರೆ ಜಿಗಣೆಗೆ, ತಾಗಿಸುತ್ತಾಳೆ. ಅವಳ ಬಳಿ ಇರುವ ಆಯುಧ ಅದೊಂದೇ. ನಾನು ಮಾತ್ರ ಅವತ್ತು ಬೆಳಿಗ್ಗೆ ಅದೇ ಸಂಕವನ್ನು ಕೂತುಕೊಂಡೇ ಜಾರುತ್ತಾ ದಾಟಿ ಬಂದಿದ್ದೆ. ಪ್ಯಾಂಟು ಇನ್ನೂ ಒಣಗಿರಲಿಲ್ಲ.

ಗೂಢಚಾರರ ಅಡಗುತಾಣದ ಅಧ್ಯಾಯ ಹಿಡಿದೆ. ಶತ್ರುಗಳಿಗೆ ಫೋನ್ ಸಿಗ್ನಲ್ಲೇ ಸಿಗದ ಜಾಗ. "ನಮ್ಮನೆ ಥರ" ಅಂದಳು ಚಿಕ್ಕವಳು.

ಹಾಗಂತ ಸಂಕವನ್ನು ಯಾರೂ ನೋಡಲಿಲ್ಲ ಅಂತಲ್ಲ. ಪ್ರತಿ ಮಾರ್ಚ್‌ನಲ್ಲಿ ಅಧಿಕಾರಿಗಳ ಜೀಪು ಬರುತ್ತದೆ. ಹಳ್ಳದಲ್ಲಿ ಕಲ್ಲು ಬಿಟ್ಟರೆ ಏನೂ ಇರುವುದಿಲ್ಲ. "ನೀರೇ ಇಲ್ವಲ್ರೀ, ಸೇತುವೆ ಯಾಕೆ?" ಅಂತ ಕೇಳಿ, ಎಳನೀರು ಕುಡಿದು ಹೋಗುತ್ತಾರೆ. ಜುಲೈನಲ್ಲಿ ಬನ್ನಿ ಅಂದರೆ, ಮಳೆಯಲ್ಲಿ ಬರಲು ದಾರಿ ಇಲ್ಲವಂತೆ.

ಅವಸರ ಮಾಡಬಾರದು, ನಿಜ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನ ಜನ ಲಾಂಚಿಗೆ ಕಾದು ಕಾದು, ಸಿಗಂದೂರಿನ ಸೇತುವೆ ಕಂಡದ್ದು 2025ರ ಜುಲೈನಲ್ಲಿ. 61 ವರ್ಷ. ಅದು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಇದು 20 ಅಡಿ. ದೊಡ್ಡವಳು ನೋಟ್‌ಬುಕ್ಕಿನಲ್ಲಿ ತ್ರೈರಾಶಿ ಹಾಕಿದಳು. ಹೆಚ್ಚುಕಮ್ಮಿ ಎರಡು ತಿಂಗಳು ಬಂತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಇಲ್ಲಿ ಸೇತುವೆ ಕೇಳಿಕೊಂಡು ಬಂದಿರುವುದು ಅವಳ ಅಮ್ಮನ ಕಾಲದಿಂದ.

ಹೋಗಲಿ, ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಗೆ ಕರಾಟೆ ಕಲಿಸುವ ಯೋಜನೆ ಇದೆಯಲ್ಲ.

"ನಿಮಗೂ ಕರಾಟೆ ಕಲಿಸ್ತಾರಂತಲ್ವಾ?"

"ಸರ್ ಒಂದಿನ ಬಂದಿದ್ರು ಮಾವ. ಬ್ಲ್ಯಾಕ್ ಬೆಲ್ಟ್ ಅಂತೆ. ಸಂಕ ನೋಡಿ ವಾಪಸ್ ಹೋದ್ರು."

"ಮತ್ತೆ?"

"ಕೈ ಹಿಡ್ಕೊಂಡು ದಾಟಿಸ್ತೀವಿ ಬನ್ನಿ ಸರ್ ಅಂದ್ವಿ" ಅಂದಳು ಚಿಕ್ಕವಳು. "ಆಚೆ ದಡದಿಂದಲೇ ಫೋಟೋ ಹೊಡ್ಕೊಂಡ್ರು."