ಸೆರೆಯಿಂದ ಬಂದವರಿಗೆ ಕಣ್ಣು ಮುಚ್ಚಿ ಓಟು ಹಾಕಬೇಕೇ?

ಇಲ್ಲಿ ಮುಂಬೈಯ ಮಾಟುಂಗಾದಲ್ಲಿ ನಾವು ಕನ್ನಡಿಗರು ನಾಲ್ಕು ಜನ ಸೇರಿದರೆ ಚುನಾವಣೆಯ ಮಾತು ಬಂದೇ ಬರುತ್ತದೆ. "ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೇ 1971ರಲ್ಲಿ ಸೋಲಿಸಿದ ಊರಪ್ಪ ಇದು. ಯುದ್ಧ ಕಂಡವರಿಗೆ ಕಣ್ಣು ಮುಚ್ಚಿ ಓಟು ಹಾಕಬೇಕು" ಎಂದು ಹಿರಿಯರೊಬ್ಬರು ಪ್ರತಿ ಸಲ ನೊಂದುಕೊಳ್ಳುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಆ ಮಾತನ್ನು ಒಪ್ಪಲಾರೆ.

ಅಮೆರಿಕದ ನೌಕಾಪಡೆಯ ಪೈಲಟ್ ಆಗಿದ್ದು, ಮುಂದೆ ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್‌ನ ಸದಸ್ಯರಾದ ಜಾನ್ ಮೆಕೇನ್ ಅವರನ್ನು ನೋಡಿ. ವಿಯೆಟ್ನಾಂ ಯುದ್ಧದ ವೇಳೆ, 1967ರಲ್ಲಿ ಹನೋಯ್ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಿದರು. ಎರಡೂ ತೋಳು, ಒಂದು ಕಾಲು ಮುರಿದು ಕೆರೆಗೆ ಬಿದ್ದವರು ಐದೂವರೆ ವರ್ಷ ಸೆರೆಯಲ್ಲಿದ್ದರು. ತಂದೆ ದೊಡ್ಡ ಸೇನಾಧಿಕಾರಿ ಎಂಬ ಕಾರಣಕ್ಕೆ 1968ರಲ್ಲಿ ಬಿಡುಗಡೆಯ ಅವಕಾಶ ಬಂದಾಗ, ತನಗಿಂತ ಮೊದಲು ಸಿಕ್ಕಿಬಿದ್ದವರು ಮೊದಲು ಹೋಗಲಿ ಎಂದು ನಿರಾಕರಿಸಿದರು. ಆಮೇಲೆ ಹೊಡೆತ ಇನ್ನೂ ಹೆಚ್ಚಾಯಿತು. ಊರಿಗೆ ಮರಳಿದ ಮೇಲೂ ತಮ್ಮ ತಲೆ ತಾವೇ ಬಾಚಿಕೊಳ್ಳುವಷ್ಟು ಅವರ ಕೈ ಮೇಲೇಳುತ್ತಿರಲಿಲ್ಲ.

ಇಷ್ಟಕ್ಕೆ ಗೌರವ ಸಲ್ಲಲೇಬೇಕು. ಓಟು ಬೇರೆ ವಿಷಯ. ಇದೇ ಮೆಕೇನ್ ಇರಾಕ್ ಯುದ್ಧಕ್ಕೆ ಗಟ್ಟಿಯಾಗಿ ಬೆಂಬಲ ಕೊಟ್ಟವರು. ಅದನ್ನು ನಾನು ಮನ್ನಿಸಲಾರೆ.

ಅವರ ರಾಜಕೀಯದಲ್ಲಿ ನಾನು ತಲೆಬಾಗುವುದು 2005ರ ಕೆಲಸಕ್ಕೆ. ಅಮೆರಿಕದ ವಶದಲ್ಲಿರುವ ಕೈದಿಗಳನ್ನು ಕ್ರೂರವಾಗಿ ನಡೆಸಿಕೊಳ್ಳಬಾರದೆಂಬ ತಿದ್ದುಪಡಿಯನ್ನು, ತಮ್ಮದೇ ಪಕ್ಷದ ಬುಷ್ ಸರ್ಕಾರ ವಿರೋಧಿಸಿದರೂ, ಸೆನೆಟ್‌ನಲ್ಲಿ 90-9 ಮತಗಳಿಂದ ಗೆಲ್ಲಿಸಿದರು. ಆಗ ಅವರು ಮುಂದಿಟ್ಟದ್ದು ಸ್ವಂತ ಅನುಭವ. ತುಕಡಿಯವರ ಹೆಸರು ಹೇಳೆಂದು ಹಿಂಸಿಸಿದಾಗ ಗ್ರೀನ್ ಬೇ ಪ್ಯಾಕರ್ಸ್ ಫುಟ್‌ಬಾಲ್ ತಂಡದ ಆಟಗಾರರ ಹೆಸರುಗಳನ್ನು ಹೇಳಿದ್ದರಂತೆ! ಹೊಡೆತ ತಾಳಲಾರದೆ ಸುಳ್ಳು ತಪ್ಪೊಪ್ಪಿಗೆಗೆ ಸಹಿ ಹಾಕಿದ್ದನ್ನೂ ಅವರು ಬಚ್ಚಿಡಲಿಲ್ಲ. ಹೊಡೆದು ಬಾಯಿ ಬಿಡಿಸಿದರೆ ಸತ್ಯ ಬರುವುದಿಲ್ಲವೆಂದು ಹೇಳಲು ಅವರಿಗಿಂತ ಯೋಗ್ಯರು ಯಾರಿದ್ದರು? ತಮ್ಮನ್ನು ಸೆರೆಯಲ್ಲಿಟ್ಟ ವಿಯೆಟ್ನಾಂ ಜೊತೆ 1995ರಲ್ಲಿ ಅಮೆರಿಕ ಸಂಬಂಧ ಬೆಳೆಸಿದ್ದರ ಹಿಂದೆಯೂ ಅವರ ಒತ್ತಾಸೆಯಿತ್ತು. ತಾನು ಪಟ್ಟ ಪಾಡು ಇನ್ನೊಬ್ಬನಿಗೆ ಬೇಡ ಎನ್ನುವ ಇಂಥ ಮನಸ್ಸಿಗೆ ನನ್ನ ಓಟು.

ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲೇ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ಮಾಜಿ ಸೈನಿಕರು ಯಾರೇ ನನ್ನ ಮನೆಗೆ ಓಟು ಕೇಳಲು ಬರಲಿ, ಕೂರಿಸಿ, ಕಾಫಿ ಕೊಟ್ಟು, ಲಾಕಪ್ಪಿನಲ್ಲಿ ಹೊಡೆತ ತಿನ್ನುವವನ ಪರವಾಗಿ ಸದನದಲ್ಲಿ ಎದ್ದು ನಿಲ್ಲುತ್ತೀರಾ ಎಂದು ಕೇಳಿಯೇ ಕೇಳುತ್ತೇನೆ.